ನೀರೊಳಗಿನ ಬ್ಯಾಂಡ್‌ಸೆಟ್ಟು ಕಲಿಸಿದ ಪಾಠ



ಕಾರ್ಟೂನಿನಲ್ಲಿ ಬರೀ ನಗು ಇರುತ್ತೆ, ಪಾಠ ಇರಲ್ಲ ಅಂತ ಹಿರಿಯರು ಹೇಳುವುದುಂಟು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಒಂದು ಕಂತನ್ನು ಬಿಡಿಸಿ ನೋಡೋಣ ಬನ್ನಿ.

ಪರಿಚಯ: ‘ಸ್ಪಾಂಜ್‌ಬಾಬ್’ ಎಂಬುದು 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ಹಾಸ್ಯ ಧಾರಾವಾಹಿ. ಇದನ್ನು ಸೃಷ್ಟಿಸಿದ ಸ್ಟೀಫನ್ ಹಿಲೆನ್‌ಬರ್ಗ್ ಮೊದಲು ಕಡಲಜೀವಿಗಳ ಬಗ್ಗೆ ಪಾಠ ಹೇಳುವ ಮೇಷ್ಟ್ರಾಗಿದ್ದರು. ಆದ್ದರಿಂದಲೇ ಪಾತ್ರಗಳೆಲ್ಲ ಸ್ಪಂಜು, ನಕ್ಷತ್ರಮೀನು, ಏಡಿ ಇತ್ಯಾದಿ. ನಾನು ಹೇಳುವ ‘ಬ್ಯಾಂಡ್ ಗೀಕ್ಸ್’ ಕಂತು 2001ರ ಸೆಪ್ಟೆಂಬರ್ 7ರಂದು ಪ್ರಸಾರವಾಯಿತು. ಸುಮಾರು 11 ನಿಮಿಷದ್ದು.

ಕಥೆ: ಸ್ಕ್ವಿಡ್‌ವರ್ಡ್ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಕ್ಲಾರಿನೆಟ್ ಊದುತ್ತಾನೆ, ಆದರೆ ಚೆನ್ನಾಗಿ ಬರಲ್ಲ. ಅವನ ಹಳೇ ಎದುರಾಳಿ, ಶ್ರೀಮಂತ ಸ್ಕ್ವಿಲಿಯಂ, ಫೋನ್ ಮಾಡಿ, ದೊಡ್ಡ ಪಂದ್ಯದಲ್ಲಿ ತನ್ನ ಬದಲಿಗೆ ನಿನ್ನ ಬ್ಯಾಂಡು ನುಡಿಸಲಿ ಅಂತಾನೆ. ಬ್ಯಾಂಡೇ ಇಲ್ಲದಿದ್ದರೂ ಇವನು ‘ಇದೆ’ ಅಂದುಬಿಡ್ತಾನೆ! ಆಮೇಲೆ ಊರಿನವರನ್ನು ಸೇರಿಸುತ್ತಾನೆ. ಒಬ್ಬರಿಗೂ ನುಡಿಸಲು ಬರದು. ಪ್ಯಾಟ್ರಿಕ್ ಅಂತೂ ಬ್ರೆಡ್ಡಿಗೆ ಹಚ್ಚುವ ಮೇಯನೇಸ್ ವಾದ್ಯವೋ ಅಂತ ಕೇಳ್ತಾನೆ. ಕೊನೆಯ ದಿನ ತಾಲೀಮಿನಲ್ಲಿ ಹೊಡೆದಾಟವೇ ಆಗುತ್ತದೆ. ಸ್ಕ್ವಿಡ್‌ವರ್ಡ್ ಸೋತು ಹೊರಟುಹೋಗುತ್ತಾನೆ.

ಮುಖ್ಯ ಘಟ್ಟ: ಆಗ ಸ್ಪಾಂಜ್‌ಬಾಬ್ ಎಲ್ಲರನ್ನೂ ನಿಲ್ಲಿಸುತ್ತಾನೆ. ನಿಮ್ಮ ಮಗುವನ್ನು ಬೆಂಕಿಯಿಂದ ಕಾಪಾಡಿದ್ದು ಯಾರು ಅಂತ ಒಬ್ಬಳನ್ನು ಕೇಳುತ್ತಾನೆ. ಅಗ್ನಿಶಾಮಕದವನು ಅಂತಾಳೆ. ನಿನ್ನ ಪ್ರಾಣ ಉಳಿಸಿದ್ದು ಯಾರು ಅಂತ ಇನ್ನೊಬ್ಬನನ್ನು ಕೇಳಿದರೆ, ಆಂಬುಲೆನ್ಸಿನವನು ಅಂತಾನೆ. ಹಾಗಾದರೆ ಸ್ಕ್ವಿಡ್‌ವರ್ಡನೇ ಅವರು ಅಂದುಕೊಳ್ಳಿ ಅಂತಾನೆ ಸ್ಪಾಂಜ್‌ಬಾಬ್!

ಇಲ್ಲಿ ಮೊದಲ ಸಲ ನಾನು ಬಿದ್ದು ಬಿದ್ದು ನಕ್ಕೆ. ಎರಡನೇ ಸಲ ಯೋಚನೆ ಬಂತು. ಸ್ಕ್ವಿಡ್‌ವರ್ಡ್ ಅವರಿಗೆ ಯಾವ ಉಪಕಾರವನ್ನೂ ಮಾಡಿರಲಿಲ್ಲ, ಬೈದಿದ್ದೇ ಹೆಚ್ಚು. ತೀರಿಸಲು ಋಣವೇ ಇರಲಿಲ್ಲ. ಆದರೂ ಅವರು ಒಟ್ಟಾಗಿ ಕಲಿತರು. ಪಂದ್ಯದ ದಿನ ಸ್ಪಾಂಜ್‌ಬಾಬ್ ಎಷ್ಟು ಚೆನ್ನಾಗಿ ಹಾಡಿದನೆಂದರೆ, ಸ್ಕ್ವಿಲಿಯಂ ಮೂರ್ಛೆ ಹೋದ!

ವಿಶೇಷ ಮಾಹಿತಿ: ಹಿಲೆನ್‌ಬರ್ಗ್ 2018ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅಮೆರಿಕದ ದೊಡ್ಡ ಫುಟ್‌ಬಾಲ್ ಪಂದ್ಯದಲ್ಲಿ ಆ ಹಾಡನ್ನು ಹಾಕಿ ಎಂದು 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2019ರ ಪಂದ್ಯದಲ್ಲಿ ಕಾರ್ಟೂನಿನ ಸಣ್ಣ ತುಣುಕು ಬಂತೇ ಹೊರತು ಹಾಡು ಬರಲಿಲ್ಲ.

ನಾನು ಕಲಿತದ್ದು:
1. ಇಲ್ಲದ್ದನ್ನು ಇದೆ ಅಂದರೆ ನಿದ್ದೆ ಕೆಡುತ್ತದೆ.
2. ಬೈದು ಕಲಿಸಿದ್ದು ತಲೆಗೆ ಹತ್ತದು. ನಮ್ಮವರಿಗಾಗಿ ಅಂದುಕೊಂಡರೆ ಹತ್ತುತ್ತದೆ.
3. ಉಪಕಾರ ಮಾಡಿದವರಿಗೆ ಮಾತ್ರ ಸಹಾಯ ಮಾಡಿದರೆ ಅದು ಲೆಕ್ಕಾಚಾರ. ಮಾಡದವರಿಗೂ ಮಾಡಿದರೆ ಅದು ಸ್ನೇಹ.

ಯೋಚಿಸಿ: ಸುಳ್ಳು ಹೇಳಿದ ಸ್ಕ್ವಿಡ್‌ವರ್ಡ್ ಗೆದ್ದದ್ದು ಸರಿಯೇ? ನನಗೆ ಅನಿಸುವುದು, ಗೆದ್ದದ್ದು ಅವನ ಸುಳ್ಳಲ್ಲ, ಊರಿನವರ ಮನಸ್ಸು. ನಿಮಗೇನನ್ನಿಸುತ್ತೆ? ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.