ಚಿಕ್ಕ ಲೈಸೆನ್ಸಿನಿಂದ ದೊಡ್ಡ ಲೈಸೆನ್ಸಿಗೆ



ಪಾಳಿ ಮುಗಿಸಿ ದಿನವೂ ನಮ್ಮ ವಾಚನಾಲಯಕ್ಕೆ ಬರುವ ತರುಣರೊಬ್ಬರು ಮೊನ್ನೆ ನನ್ನನ್ನು ಕೇಳಿದರು: “ರಾಯರೇ, ಅಮೆರಿಕದಲ್ಲಿ ಹವ್ಯಾಸಕ್ಕೆ ವಿಮಾನ ಹಾರಿಸುವವರಿಗೆ ಚಿಕ್ಕ ಲೈಸೆನ್ಸು, ದೊಡ್ಡ ಲೈಸೆನ್ಸು ಎಂದು ಉಂಟಂತೆ. ಚಿಕ್ಕದನ್ನು ಪಡೆದವನು ದೊಡ್ಡದು ಬೇಕೆಂದರೆ ಮತ್ತೆ ಮೊದಲಿನಿಂದ ಕಲಿಯಬೇಕೇ?”

ನಾನು ವಿಮಾನ ಹಾರಿಸಿದವನಲ್ಲ. ಆದರೂ ಅಲ್ಲಿಯ ನಿಯಮಗಳನ್ನು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ಇದು ಅಮೆರಿಕದ ಮಾತು. ನಮ್ಮ ದೇಶದ ನಿಯಮಗಳು ಬೇರೆ ಎಂಬುದು ನೆನಪಿರಲಿ.

ಎರಡು ಲೈಸೆನ್ಸುಗಳು

ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್.ಎ.ಎ. 1989ರಲ್ಲಿ ‘ರಿಕ್ರಿಯೇಷನಲ್ ಪೈಲಟ್’ ಎಂಬ ಚಿಕ್ಕ ದರ್ಜೆಯನ್ನು ಆರಂಭಿಸಿತು. ಕಡಿಮೆ ಖರ್ಚಿನಲ್ಲಿ, ಕಡಿಮೆ ಗಂಟೆಗಳಲ್ಲಿ ಜನರು ಹಾರುವುದನ್ನು ಕಲಿಯಲಿ ಎಂಬುದು ಉದ್ದೇಶ. ಇದಕ್ಕೆ ಕನಿಷ್ಠ 30 ಗಂಟೆಗಳ ಹಾರಾಟ ಸಾಕು. ದೊಡ್ಡದಾದ ‘ಪ್ರೈವೇಟ್ ಪೈಲಟ್’ ಲೈಸೆನ್ಸಿಗೆ ಸಾಮಾನ್ಯವಾಗಿ 40 ಗಂಟೆ ಬೇಕು. ಎರಡಕ್ಕೂ ವಯಸ್ಸು 17 ತುಂಬಿರಬೇಕು.

ಹತ್ತೇ ಗಂಟೆಯ ವ್ಯತ್ಯಾಸ ತಾನೇ ಎನಿಸಬಹುದು. ಆದರೆ ಚಿಕ್ಕ ಲೈಸೆನ್ಸಿನ ಸುತ್ತ ಬೇಲಿಗಳು ಬಹಳ. ಹೊರಟ ನಿಲ್ದಾಣದಿಂದ 50 ನಾಟಿಕಲ್ ಮೈಲು, ಅಂದರೆ ಸುಮಾರು 93 ಕಿಲೋಮೀಟರ್ ಮೀರಿ ಹೋಗಬಾರದು. ಮುಂಬಯಿಯಿಂದ ಹೊರಟರೆ ಪುಣೆಯೂ ಸಿಗದ ದೂರ ಅದು. ಸೂರ್ಯ ಮುಳುಗಿದ ಮೇಲೆ ಹಾರಬಾರದು. ನೆಲ ಕಣ್ಣಿಗೆ ಕಾಣುತ್ತಿರಬೇಕು. ಕಂಟ್ರೋಲ್ ಟವರಿನೊಡನೆ ರೇಡಿಯೋದಲ್ಲಿ ಮಾತಾಡಲೇಬೇಕಾದ ಪ್ರದೇಶಕ್ಕೆ ಪ್ರವೇಶವಿಲ್ಲ. ಜೊತೆಗೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬಹುದು. ಹೆಂಡತಿ ಕುಳಿತರೆ ಮಗು ನೆಲದಲ್ಲೇ ಉಳಿಯಬೇಕು.

ಬೇಲಿ ಏಕೆ?

ಇವು ಸುಮ್ಮನೆ ಹಾಕಿದ ಅಡ್ಡಿಗಳಲ್ಲ. ಹೆಚ್ಚಿನ ಬೇಲಿಗಳ ಹಿಂದೆ ಇನ್ನೂ ಕಲಿಯದ ಒಂದು ಪಾಠ ಇದೆ. ಆ ಪಾಠ ಕಲಿತರೆ ಆ ಬೇಲಿ ಬಿಚ್ಚುತ್ತದೆ. ದೊಡ್ಡ ಲೈಸೆನ್ಸಿಗೆ ಹೋಗುವುದು ಎಂದರೆ ಇದೇ.

ಮೊದಲನೆಯದು ದೂರದ ಪಾಠ. ನಕ್ಷೆ ನೋಡಿ ದಾರಿ ಹಾಕುವುದು, ಗಾಳಿಯ ಸೆಳೆತವನ್ನು ಲೆಕ್ಕಹಾಕುವುದು, ಪೆಟ್ರೋಲು ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ತಿಳಿಯುವುದು ಇದರಲ್ಲಿ ಸೇರಿವೆ. ಶಿಕ್ಷಕರೊಡನೆ 3 ಗಂಟೆ, ಒಂಟಿಯಾಗಿ 5 ಗಂಟೆ ದೂರದ ಹಾರಾಟ ಮಾಡಬೇಕು. ಒಂಟಿ ಹಾರಾಟಗಳಲ್ಲಿ ಒಂದು ಒಟ್ಟು 150 ನಾಟಿಕಲ್ ಮೈಲು ಆಗಿ, ಮೂರು ಕಡೆ ಇಳಿದಿರಬೇಕು.

ಎರಡನೆಯದು ರಾತ್ರಿಯ ಪಾಠ. ಹಗಲಲ್ಲಿ ಮರ, ಗದ್ದೆ, ರಸ್ತೆ ನೋಡಿ ಎತ್ತರವನ್ನು ಅಂದಾಜು ಮಾಡುವ ಕಣ್ಣಿಗೆ ರಾತ್ರಿ ದೀಪದ ಸಾಲುಗಳಷ್ಟೇ ಕಾಣುತ್ತವೆ. ಆದ್ದರಿಂದ ಶಿಕ್ಷಕರೊಡನೆ 3 ಗಂಟೆ ರಾತ್ರಿ ಹಾರಿ, 10 ಸಲ ಏರಿ ಇಳಿಯಬೇಕು.

ಮೂರನೆಯದು ಉಪಕರಣಗಳ ಪಾಠ. ಹೊರಗಿನದು ಕಾಣದಂತೆ ಕಣ್ಣಿಗೆ ಮರೆ ಹಾಕಿಕೊಂಡು, ಮುಂದಿರುವ ಮುಳ್ಳುಗಳನ್ನು ಮಾತ್ರ ನೋಡುತ್ತ 3 ಗಂಟೆ ಹಾರಿಸಬೇಕು. ಮೋಡದೊಳಗೆ ಸಿಕ್ಕವನ ಕಿವಿಯೊಳಗಿನ ಸಮತೋಲದ ಅಂಗ ಮೋಸಮಾಡುತ್ತದೆ. ವಿಮಾನ ಮೆಲ್ಲನೆ ಒಂದು ಕಡೆಗೆ ವಾಲಿ ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದೆ ಎಂದೇ ದೇಹ ಹೇಳುತ್ತದೆ. ಆಗ ದೇಹವನ್ನು ನಂಬದೆ ಮುಳ್ಳನ್ನು ನಂಬಬೇಕು.

ನಾಲ್ಕನೆಯದು ಟವರಿನ ಪಾಠ. ಟವರ್ ಇರುವ ನಿಲ್ದಾಣದಲ್ಲಿ, ರೇಡಿಯೋ ಆಜ್ಞೆಯಂತೆ, ಒಂಟಿಯಾಗಿ 3 ಸಲ ಏರಿ ಇಳಿಯಬೇಕು.

ಚಿಕ್ಕ ಲೈಸೆನ್ಸಿನವನು ರಾತ್ರಿಯಲ್ಲಾಗಲಿ ದೂರಕ್ಕಾಗಲಿ ಹೋಗುವಂತಿಲ್ಲವಲ್ಲ, ಅಭ್ಯಾಸ ಹೇಗೆ ಎಂದು ಕೇಳಬಹುದು. ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಲಾಗ್‌ಬುಕ್ಕಿನಲ್ಲಿ ಅವರ ಸಹಿ ಪಡೆದು, ಬೇರೆ ಯಾರನ್ನೂ ಕೂರಿಸದೆ ಹಾರಲು ನಿಯಮವೇ ಅವಕಾಶ ಕೊಡುತ್ತದೆ.

ಹಳೆಯ ಗಂಟೆಗಳು ವ್ಯರ್ಥವೇ?

ಇಲ್ಲ. ಲಾಗ್‌ಬುಕ್ಕಿನಲ್ಲಿ ಬರೆದಿಟ್ಟ ಹಿಂದಿನ ಗಂಟೆಗಳು 40ರ ಲೆಕ್ಕಕ್ಕೆ ಸೇರುತ್ತವೆ. ಉಳಿದ ಪಾಠಗಳನ್ನು ಪೂರೈಸಿ, ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ 70 ಪಡೆದು, ಪರೀಕ್ಷಕರ ಮುಂದೆ ಬಾಯಿಪರೀಕ್ಷೆಗೆ ಉತ್ತರಿಸಿ, ವಿಮಾನ ಹಾರಿಸಿ ತೋರಿಸಬೇಕು. 40 ಗಂಟೆ ಎಂಬುದು ಕನಿಷ್ಠ ಮಿತಿ. ಹೆಚ್ಚಿನವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ದೊಡ್ಡ ಲೈಸೆನ್ಸು ಬಂದರೆ ಸಂಬಳ ಸಿಗುತ್ತದೆಯೇ? ಅದೂ ಇಲ್ಲ. ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ. ಹಾರುವುದನ್ನೇ ಉದ್ಯೋಗ ಮಾಡಿಕೊಳ್ಳಲು ‘ಕಮರ್ಷಿಯಲ್’ ಲೈಸೆನ್ಸು ಬೇರೆಯೇ ಬೇಕು. ಅದಕ್ಕೆ ಸಾಮಾನ್ಯ ಮಾರ್ಗದಲ್ಲಿ 250 ಗಂಟೆ.

ಒಂದು ಎಚ್ಚರಿಕೆ

ದೊಡ್ಡ ಲೈಸೆನ್ಸಿಗೂ ಮಿತಿ ಉಂಟು. ಅಮೆರಿಕದ ಅಧ್ಯಕ್ಷರಾಗಿದ್ದ ಕೆನೆಡಿಯವರ ಮಗ ಜಾನ್ ಕೆನೆಡಿ ಪ್ರೈವೇಟ್ ಪೈಲಟ್ ಆಗಿದ್ದರು. ಉಪಕರಣಗಳ ಆಧಾರದಿಂದಲೇ ಹಾರುವ ವಿಶೇಷ ಅರ್ಹತೆಯನ್ನು ಪಡೆದಿರಲಿಲ್ಲ. 1999ರ ಜುಲೈ 16ರ ರಾತ್ರಿ, ಮಬ್ಬು ಕವಿದ ಆಕಾಶದಲ್ಲಿ, ಪತ್ನಿ ಮತ್ತು ಪತ್ನಿಯ ಅಕ್ಕನೊಡನೆ ಸಮುದ್ರದ ಮೇಲೆ ಹಾರುತ್ತಿದ್ದಾಗ ವಿಮಾನ ನೀರಿಗೆ ಬಿತ್ತು. ಮೂವರೂ ತೀರಿಕೊಂಡರು. ದಿಕ್ಕಿನ ಅರಿವು ತಪ್ಪಿ ವಿಮಾನ ಹತೋಟಿ ಮೀರಿತೆಂದು ತನಿಖೆ ಹೇಳಿತು. ಆ ರಾತ್ರಿ ಹಾರಲು ನಿಯಮದ ಅಡ್ಡಿ ಇರಲಿಲ್ಲ. ಕಾಗದ ಅಪ್ಪಣೆ ಕೊಡುತ್ತದೆ. ಆ ಹೊತ್ತಿಗೆ ಬೇಕಾದ ವಿದ್ಯೆಯನ್ನು ಕೊಡುವುದಿಲ್ಲ.

ನನ್ನ ಮಾತನ್ನೇ ಹೇಳುವುದಾದರೆ, ಜೂನಿಯರ್ ಟೈಪಿಂಗ್ ಪಾಸಾಗಿ, ಸೀನಿಯರಿಗೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕೆಂದು ಹೆದರಿ ಆರು ವರ್ಷ ಸುಮ್ಮನಿದ್ದೆ. ಕೊನೆಗೆ ಕುಳಿತು ನೋಡಿದರೆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಬೇಕಾಗಿದ್ದದ್ದು ವೇಗ ಮತ್ತು ಒಂದೆರಡು ಹೊಸ ಪಾಠ, ಅಷ್ಟೇ. ಆ ಆರು ವರ್ಷ ಮಾತ್ರ ಮರಳಿ ಬರಲಿಲ್ಲ.

ಆದ್ದರಿಂದ ಆ ತರುಣರಿಗೆ ನಾನು ಕೊಡುವ ಉತ್ತರ ಇಷ್ಟು: ಕಲಿತದ್ದನ್ನು ಬರೆದಿಡಿ. ಯಾವ ಪಾಠ ಉಳಿದಿದೆ ಎಂದು ಪಟ್ಟಿ ಮಾಡಿ. ಅಲ್ಲಿಂದ ಮುಂದಕ್ಕೆ ಹೊರಡಿ.