ಕರಿಯ ಮುದ್ದೆ ಬಿಟ್ಟಾಗ

ನಾಯಿ ಊಟ ಬಿಟ್ಟ ಕೂಡಲೇ ಮನೆಮಂದಿಗೆಲ್ಲ ಅಡುಗೆ ಬದಲಿಸುವ ಆತುರ. ನಮ್ಮ ಕರಿಯ ಮುದ್ದೆ ಮುಟ್ಟದಿದ್ದಾಗ ಅಮ್ಮ ಮೊಟ್ಟೆ ಬೇಯಿಸಿದಳು, ತಮ್ಮ ಬಿಸ್ಕತ್ತು ತಂದ. ಕರಿಯ ಎರಡನ್ನೂ ಮೂಸಿ ಮುಖ ತಿರುಗಿಸಿದ. ನಾನು ಅವನ ತುಟಿ ಎತ್ತಿ ನೋಡಿದೆ. ನಸುಗೆಂಪಗಿರಬೇಕಾದ ಒಸಡು ಬಿಳಿಚಿಕೊಂಡಿತ್ತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆಗಳು ಕಚ್ಚಿ ಕೂತಿದ್ದವು.

ಪಶು ಆಸ್ಪತ್ರೆಯಲ್ಲಿ ನೋಡಿದರೆ 104 ಡಿಗ್ರಿ ಜ್ವರ. ಆರೋಗ್ಯವಾಗಿರುವ ನಾಯಿಯ ಮೈಬಿಸಿ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ, ನಮ್ಮದಕ್ಕಿಂತ ಹೆಚ್ಚು, ಹಾಗಾಗಿ ಕೈಯಿಟ್ಟು ನೋಡಿ ಜ್ವರ ಹೇಳಲಾಗದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಉಣ್ಣೆ ಹರಡುವ ಎರ್ಲಿಕಿಯಾ ಸೋಂಕು ಎಂದರು ಡಾಕ್ಟರು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ.

ಕಷ್ಟ ಶುರುವಾದದ್ದು ಆಮೇಲೆ. ಖಾಲಿ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ವಾಂತಿ. ಹಾಲಿನಲ್ಲಿ ಕೊಡೋಣವೆಂದರೆ ಅದರ ಕ್ಯಾಲ್ಸಿಯಂ ಔಷಧಿಯನ್ನು ಮೈಗೆ ಪೂರ್ತಿ ಹತ್ತಗೊಡುವುದಿಲ್ಲ. ಡಾಕ್ಟರು ಮೊದಲು ಡ್ರಿಪ್ ಹಾಕಿ, ಓಕರಿಕೆ ನಿಲ್ಲಲು ಚುಚ್ಚುಮದ್ದು ಕೊಟ್ಟರು. ಹೊಟ್ಟೆ ತೊಳಸುತ್ತಿರುವಾಗ ಎಂಥ ರುಚಿಯೂ ನಾಯಿಗೆ ಬೇಡ. ಆ ಸಂಕಟ ಇಳಿದ ಮೇಲಷ್ಟೇ ನಮ್ಮ ಉಪಚಾರಕ್ಕೆ ಬೆಲೆ.

ನಾಯಿಗೆ ಹಸಿವು ಹುಟ್ಟುವುದು ಮೂಗಿನಿಂದ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಕೋಳಿ ಬೇಯಿಸಿ, ಮೂಳೆ ತೆಗೆದು, ಆ ನೀರನ್ನು ಮೆತ್ತಗಿನ ಅನ್ನಕ್ಕೆ ಬೆರೆಸುತ್ತಿದ್ದೆ. ಉಗುರುಬೆಚ್ಚಗಿದ್ದರೆ ವಾಸನೆ ಏಳುತ್ತದೆ, ತಣ್ಣಗಿದ್ದರೆ ಅವನು ತಲೆಯೆತ್ತುತ್ತಲೂ ಇರಲಿಲ್ಲ. ಅಂಗೈಯಲ್ಲಿ ಒಂದೆರಡು ತುತ್ತು ಹಿಡಿಯುವುದು, ನೆಕ್ಕದಿದ್ದರೆ ಎತ್ತಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಸಿ ಮಾಡುವುದು. ಬಾಯಿ ಬಿಡಿಸಿ ಗಂಜಿ ಹುಯ್ಯಲು ಅಮ್ಮ ಹೊರಟಾಗ ತಡೆದೆ. ಅದು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ.

ಮನೆಯ ಸಾರು ಬೆರೆಸಿದರೆ ತಿಂದಾನು ಎಂದವರಿದ್ದರು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೊದಲೇ ರಕ್ತಹೀನವಾದ ಪ್ರಾಣಿಗೆ ಅದು ವಿಷವೇ ಸರಿ. ಪಕ್ಕದ ಮನೆಯವರು ಕಾಳಜಿಯಿಂದಲೇ ಪ್ಯಾರಾಸಿಟಮಾಲ್ ತಂದರು. ಮನುಷ್ಯರ ಅಳತೆಯಲ್ಲಿ ಅದೂ ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಬೇಡವೆಂದು ವಿವರಿಸಿ ಹೇಳಿದೆ.

ಬೆಳೆದ ನಾಯಿ ಸೆಖೆಗೆ ಒಪ್ಪತ್ತು ಊಟ ಬಿಟ್ಟರೆ ನಾನು ಗಾಬರಿಯಾಗುವುದಿಲ್ಲ. ಇಡೀ ದಿನ ಬಿಟ್ಟರೆ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಮರಿಯಾದರೆ, ನೀರೂ ಬೇಡವೆಂದರೆ, ಒಸಡು ಬಿಳಿಚಿದ್ದರೆ ಅಷ್ಟು ಹೊತ್ತೂ ಕಾಯಬಾರದು.

ಜ್ವರ ಇಳಿದು ಕರಿಯ ತಾನಾಗಿ ತಟ್ಟೆಗೆ ಬಂದ ಮೇಲೂ ಮಾತ್ರೆ ನಿಲ್ಲಿಸಲಿಲ್ಲ. ಉಣ್ಣೆ ಮತ್ತೆ ಹತ್ತಬಾರದಲ್ಲ; ಅದು ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಅದಕ್ಕೇ ಕೊಟ್ಟಿಗೆಯ ಬಿರುಕುಗಳಿಗೆಲ್ಲ ಸಿಮೆಂಟು ಮೆತ್ತಿಸಿ, ಅವನು ಮಲಗುವ ಗೋಣಿಚೀಲಗಳನ್ನು ಸುಟ್ಟೆವು.