ಮೈದುನ ತರುವ ಸೂಜಿ

ಪ್ರಶ್ನೆ: ವಯಸ್ಸು 46, ತೂಕ 88 ಕೆ.ಜಿ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮೂರಕ್ಕೂ ಮಾತ್ರೆ ನುಂಗುತ್ತೇನೆ. ತೂಕ ಇಳಿಸುವ ಇಂಜೆಕ್ಷನ್ ತಂದುಕೊಡುತ್ತೇನೆ ಅಂತಾನೆ ಬೆಂಗಳೂರಿನ ಮೈದುನ. ತಗೊಳ್ಳಲಾ?
– ಓದುಗರೊಬ್ಬರು, ಗೊರೇಬಾಳ

ಉತ್ತರ: ಮೈದುನನ ಕಾಳಜಿ ದೊಡ್ಡದು ತಾಯಿ, ಆದರೆ ಈಗಲೇ ಬೇಡ. ಮೌಂಜಾರೊ, ವೆಗೋವಿ ಎಂಬ ಈ ಸೂಜಿಗಳು 2025ರಲ್ಲಿ ನಮ್ಮಲ್ಲಿಗೆ ಬಂದವು. ವೈದ್ಯರ ಚೀಟಿಯಿಲ್ಲದೆ ಕೊಳ್ಳುವಂಥವಲ್ಲ. ಫ್ರಿಜ್ಜಿನಲ್ಲಿಡಬೇಕಾದ ಔಷಧ ರಾತ್ರಿ ಬಸ್ಸಿನ ಸೀಟಿನಡಿ ಸಿಂಧನೂರು ಮುಟ್ಟಿದರೆ ಅದರ ಮೇಲೆ ನನಗಂತೂ ನಂಬಿಕೆಯಿಲ್ಲ.

ಸಕ್ಕರೆ ಕಾಯಿಲೆ ಅಡ್ಡಿಯಲ್ಲ, ಈ ಜಾತಿಯ ಔಷಧ ಮೊದಲು ಬಂದದ್ದೇ ಅದಕ್ಕೆ. ಭಯ ನಿಮ್ಮ ಮಾತ್ರೆಗಳದ್ದು. ಸಕ್ಕರೆ ಮಾತ್ರೆಯ ಹಾಳೆಯ ಹಿಂಬದಿ ಓದಿಸಿ ನೋಡಿ, ಗ್ಲಿಮೆಪಿರೈಡ್ ಅಂತಿದೆಯೇ? ಅದರೊಡನೆ ಈ ಸೂಜಿಯೂ ಸೇರಿದರೆ ಸಕ್ಕರೆ ದಿಢೀರ್ ಇಳಿಯಬಹುದು: ತಣ್ಣನೆ ಬೆವರು, ಕೈನಡುಕ, ಕಣ್ಣುಕತ್ತಲೆ. ಹಾಗಾಗಿ ವೈದ್ಯರು ಆ ಮಾತ್ರೆಯನ್ನು ಮೊದಲೇ ಕಡಿಮೆ ಮಾಡುತ್ತಾರೆ. ನೀವೇ ಅರ್ಧ ಮುರಿದುಕೊಳ್ಳಬೇಡಿ.

ಮೊದಲ ವಾರಗಳಲ್ಲಿ ವಾಕರಿಕೆ, ವಾಂತಿ, ಭೇದಿ ಸಾಮಾನ್ಯ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ನೀರೂ ಇಳಿಯದಿದ್ದರೆ ಕಿಡ್ನಿಗೆ ಪೆಟ್ಟು. ಬಿಪಿ ಮಾತ್ರೆಯಲ್ಲಿ ಮೂತ್ರದ ಮೂಲಕ ನೀರು ಹೊರಹಾಕುವ ಅಂಶವಿದ್ದರಂತೂ ಇನ್ನೂ ಕಷ್ಟ. ಕಿಡ್ನಿಗಾಗಿ ಕ್ರಿಯಾಟಿನಿನ್ ಪರೀಕ್ಷೆ, ಸಕ್ಕರೆ ಕಾಯಿಲೆ ಇರುವುದರಿಂದ ಕಣ್ಣಿನ ಅಕ್ಷಿಪಟಲದ ತಪಾಸಣೆ ಮೊದಲು ಆಗಲಿ.

ಥೈರಾಯ್ಡ್ ಮಂದವಾಗಿರುವುದಷ್ಟೇ ಆದರೆ ತೊಂದರೆಯಿಲ್ಲ. ಮನೆತನದಲ್ಲಿ ಯಾರಿಗಾದರೂ ಮೆಡುಲ್ಲರಿ ಎಂಬ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಮಾತ್ರ ಈ ಸೂಜಿಯ ಮಾತೇ ಬೇಡ. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ ಮುಚ್ಚಿಡದೆ ಹೇಳಿ.

ನುಂಗುವ ಮಾತ್ರೆಗಳನ್ನೆಲ್ಲ, ಮಂಡಿನೋವಿನದಿದ್ದರೆ ಅದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಸಿಂಧನೂರಿನಲ್ಲಿ ಎಂ.ಡಿ. ವೈದ್ಯರೊಬ್ಬರನ್ನು ಕಾಣಿ. ಮೈದುನನೂ ಜೊತೆಗೆ ಬರಲಿ.